ಹಿನ್ನೀರಿಗೆ ಒಂದು ಹಾಯಿದೋಣಿ ಬೇಕ್ರಿ

ಯಾಟ್ ಕ್ಲಬ್ ಅಂದಕೂಡಲೇ ಕಣ್ಣಮುಂದೆ ಬರೋದು ಬಿಳಿ ಪ್ಯಾಂಟು, ದೊಡ್ಡ ಬಂಗಲೆ, ಸಿನಿಮಾದ ಶ್ರೀಮಂತ ಮಾವ. ಆ ಚಿತ್ರ ಪೂರ್ತಿ ಸುಳ್ಳಲ್ಲ. 1846ರಲ್ಲಿ ಶುರುವಾದ ಮುಂಬೈನ ರಾಯಲ್ ಬಾಂಬೆ ಯಾಟ್ ಕ್ಲಬ್ಬಿನ ಬಾಗಿಲು ಬಹಳ ಕಾಲ ಯುರೋಪಿನವರಿಗೆ ಮಾತ್ರ ತೆರೆದಿತ್ತು. ಮುಖ್ಯಸ್ಥನನ್ನು ಕಮೋಡೋರ್ ಅಂತ ಕರೆಯೋದು, ದೋಣಿಗೆ ಕ್ಲಬ್ಬಿನದೇ ಬಾವುಟ ಕಟ್ಟೋದು, ಎಲ್ಲಾ ಸಾಹೇಬರ ಕಾಲದ ಪದ್ಧತಿ.

ಆದರೆ ನಮ್ಮ ದೇಶದ ಹಾಯಿದೋಣಿಯೊಂದು ಮೊದಲ ಸಲ ಭೂಮಿ ಸುತ್ತಿದ್ದು ಇಂಥ ಸಾಹೇಬರಿಂದಲ್ಲ, ಎಂಜಿನಿಯರುಗಳಿಂದ! ಸೇನೆಯ ಎಂಜಿನಿಯರ್ಸ್ ದಳದವರು 37 ಅಡಿಯ 'ತೃಷ್ಣಾ' ಹತ್ತಿ 1985ರಲ್ಲಿ ಮುಂಬೈ ಬಿಟ್ಟು, 1987ರ ಜನವರಿಯಲ್ಲಿ ವಾಪಸ್ ಬಂದರು. ಅದೇ ಹೆಸರಿನ ಸೇಲಿಂಗ್ ಕ್ಲಬ್ ಬೆಂಗಳೂರಿನ ಹಲಸೂರು ಕೆರೆಯಲ್ಲಿದೆ. ತೃಷ್ಣೆ ಅಂದ್ರೆ ಬಾಯಾರಿಕೆ. ಬರ ಕಂಡ ನಮ್ಮ ಕಡೆಯವರಿಗೆ ಬೇರೆ ಅರ್ಥ ಹೇಳಬೇಕಿಲ್ಲ.

ಈಗ ನಮ್ಮ ಬಾಗಲಕೋಟಿಗೆ ಬರೋಣ. ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ನಿಂತಾಗ ಘಟಪ್ರಭೆ ಸಮುದ್ರದ ಹಂಗ ಕಾಣ್ತದ. ಅದರ ಕೆಳಗೆ ಹಳೇ ಊರಿನ ಎಷ್ಟೋ ಮನೆಗಳು, ಅಂಗಡಿಗಳು, ಹೊಲಗಳು ಅವ. ನವನಗರ ಹುಟ್ಟಿದ್ದೇ ಅದಕ್ಕೆ. ಮನೆಮಾರು ಕೊಟ್ಟು ಪಡೆದ ಈ ನೀರಿನ ಜೊತೆ ನಮ್ಮ ಸಂಬಂಧ ಏನು? ಸೇತುವೆ ಮ್ಯಾಲ ಬೈಕ್ ನಿಲ್ಲಿಸಿ ಒಂದು ಸೆಲ್ಫಿ, ಅಷ್ಟೇ. ಇಲ್ಲಾ ಈಜು ಬರದೆ ನೀರಿಗಿಳಿದ ಹುಡುಗರ ಸುದ್ದಿಯನ್ನ ಪೇಪರಿನಾಗ ಓದೋದು.

ಇಲ್ಲಿ ದೋಣಿಯೇನು ಹೊಸದಲ್ಲ. ಬನಶಂಕರಿಯ ಹೊಂಡದಾಗ ತೆಪ್ಪೋತ್ಸವ ಐತಿ. ವಚನ ಬರೆದ ಚೌಡಯ್ಯ ಅಂಬಿಗನೇ. ಹರಿಗೋಲು ಹಾಕೋರು ಇವತ್ತಿಗೂ ಇದ್ದಾರೆ, ಬಲೆ ಬೀಸೋರೂ ಇದ್ದಾರೆ. ಗಾಳಿ ಯಾವಾಗ ತಿರುಗ್ತದ, ಮುಳುಗಿದ ಗೋಡೆ ಎಲ್ಲೈತಿ, ಕೆಸರು ಎಲ್ಲಿ ಕಾಲು ಹಿಡೀತದ ಅನ್ನೋದು ಅವರಿಗೆ ಗೊತ್ತು. ನಮಗೆ ಗೊತ್ತಿರೋದು ಫ್ಲೂಯಿಡ್ ಮೆಕ್ಯಾನಿಕ್ಸಿನ ಇಂಟರ್ನಲ್ ಮಾರ್ಕ್ಸ್. ಹಾಯಿ ಕೂಡ ವಿಮಾನದ ರೆಕ್ಕೆಯಂತೆ ಕೆಲಸ ಮಾಡ್ತದ, ಅಂಕುಡೊಂಕಾಗಿ ನಡೆಸಿದರೆ ಎದುರುಗಾಳಿಯಲ್ಲೂ ದೋಣಿ ಮುಂದೆ ಹೋಗ್ತದ. ಇದನ್ನು ಕೈಯಾರೆ ಹಗ್ಗ ಹಿಡಿದು ಕಲಿಯೋಕೆ ಇಷ್ಟು ಹತ್ತಿರ ಜಾಗ ಎಷ್ಟು ಕಾಲೇಜಿಗಿದೆ ಹೇಳ್ರಿ?

"ರೊಕ್ಕ ಎಲ್ಲೈತಿ? ಬ್ಯಾಸಗ್ಯಾಗ ನೀರು ಸರೀತದಲ್ಲ?" ಅಂತ ಕೇಳ್ತೀರಿ. ಸರೀತದ, ಖರೆ. ಹಂಗಂತ ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಕಡಿಮೆಯೇನಲ್ಲ, ಬೇಸಿಗೆಯಲ್ಲಿ ವರ್ಕ್‌ಶಾಪಿನಾಗ ದೋಣಿ ಕಟ್ಟಬಹುದು. ಹಳೇ ಕ್ಲಬ್ಬುಗಳಿಂದ ಬಂಗಲೆ, ಬಾರು ತರೋದು ಬ್ಯಾಡ. ಲೈಫ್ ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತಬಾರದು ಅನ್ನೋ ನಿಯಮ ತರೋಣ. ರೇಸಿನಲ್ಲಿ ನಿಧಾನದ ದೋಣಿಗೆ ಸಮಯದ ರಿಯಾಯಿತಿ ಕೊಡೋ ಪದ್ಧತಿಯೂ ಬರಲಿ, ಅದು ನನಗೆ ಭಾಳ ಸೇರ್ತದ.

ಜಿಮ್ಖಾನಾ ಸಭೆಯಲ್ಲಿ ಮೊದಲು ದೋಣಿ ಕೇಳೋದು ಬೇಡ. ಹುಡುಗರು, ಹುಡುಗಿಯರು ಇಬ್ಬರಿಗೂ ಈಜು ಕಲಿಸೋರು, ಇಪ್ಪತ್ತು ಲೈಫ್ ಜಾಕೆಟ್, ದಂಡೆಯ ಅಂಬಿಗರೊಬ್ಬರಿಗೆ ಗುರು ಅಂತ ಸಂಬಳ. ಮೊದಲ ವರ್ಷಕ್ಕೆ ಇಷ್ಟು ಕೇಳೋಣ.