ಕೊಟ್ಟ ಸೊಂಟದ ಕುಶಲ

ಮುರಿದ ಎಲುಬು ತಿಂಗಳುಗಟ್ಟಲೆ ಕೂಡದಿದ್ದಾಗ, ಇಲ್ಲವೆ ಬೆನ್ನೆಲುಬಿನ ಮಣಿಗಳನ್ನು ಬೆಸೆಯಬೇಕಾದಾಗ, ವೈದ್ಯರು ರೋಗಿಯ ಸೊಂಟದ ಎಲುಬಿನ ಮೇಲಂಚಿನಿಂದ ತುಣುಕನ್ನು ತೆಗೆದು ಅಲ್ಲಿ ಕಸಿ ಮಾಡುವುದುಂಟು. ಅದರಲ್ಲಿ ಸಜೀವ ಕೋಶಗಳಿರುತ್ತವೆ; ತನ್ನದೇ ಆದುದರಿಂದ ದೇಹವು ಅದನ್ನು ತಿರಸ್ಕರಿಸುವುದಿಲ್ಲ. ಈ ಕಾರಣದಿಂದಲೇ ಇದು ಉತ್ತಮ ಕಸಿಯೆನಿಸಿದೆ.

ಆದರೆ ಲೋಕರೂಢಿಯನ್ನು ನೋಡಿರಿ. ಪಡೆದ ಕಾಲಿನ ಕುಶಲವನ್ನು ಎಲ್ಲರೂ ಕೇಳುತ್ತಾರೆ; ಕೊಟ್ಟ ಸೊಂಟವನ್ನು ಕೇಳುವವರು ವಿರಳ. ಕಾಲು ಕೂಡಿತೆಂದು ಮನೆಯವರು ಹಿಗ್ಗುವಾಗ, ಸೊಂಟದ ನೋವನ್ನು ಹೇಳಿಕೊಂಡ ಹಿರಿಯರಿಗೆ ‘ವಯಸ್ಸಾಯಿತಲ್ಲ’ ಎಂಬ ಉತ್ತರ ದೊರೆಯುತ್ತದೆ.

ಈ ನೋವು ಕೇವಲ ಮನಸ್ಸಿನ ಕಲ್ಪನೆಯಲ್ಲ. ಯಂಗರ್ ಮತ್ತು ಚಾಪ್‌ಮನ್ ಎಂಬ ವೈದ್ಯರು ೨೩೯ ರೋಗಿಗಳ ೨೪೩ ಕಸಿಗಳನ್ನು ಪರಿಶೀಲಿಸಿ ೧೯೮೯ರಲ್ಲಿ ಪ್ರಕಟಿಸಿದ ವರದಿಯಂತೆ, ಎಲುಬು ತೆಗೆದ ಸ್ಥಳದಲ್ಲಿ ದೊಡ್ಡ ತೊಡಕುಗಳು ಶೇಕಡಾ ೮.೬ರಷ್ಟು, ಸಣ್ಣವು ಶೇಕಡಾ ೨೦.೬ರಷ್ಟು ಕಂಡುಬಂದಿದ್ದವು.

ತೊಡಕುಗಳು ಹಲವು ಬಗೆ. ಬಹುಮಂದಿಗೆ ನೋವು ಕೆಲವು ತಿಂಗಳಲ್ಲಿ ಇಳಿಯುತ್ತದೆ. ಕೆಲವರಿಗೆ ವರುಷಗಳವರೆಗೂ ಉಳಿಯುತ್ತದೆ. ಸೊಂಟದ ಮುಂಭಾಗದಲ್ಲಿ ಹಾಯುವ ನರಕ್ಕೆ ಪೆಟ್ಟಾದರೆ ತೊಡೆಯ ಹೊರಮೈ ಜೋಮು ಹಿಡಿಯುತ್ತದೆ, ಉರಿಯುತ್ತದೆ. ಎಲುಬಿನ ಮುಂತುದಿಗೆ ತೀರ ಸಮೀಪದಲ್ಲಿ ತುಣುಕು ತೆಗೆದರೆ ಆ ತುದಿಯೇ ಮುರಿಯಬಹುದು. ಅದಕ್ಕಾಗಿ ಕನಿಷ್ಠ ೩ ಸೆಂಟಿಮೀಟರ್ ಹಿಂದೆ ಸರಿದು ತೆಗೆಯುವುದು ಪದ್ಧತಿ. ಎಲುಬನ್ನು ಪೂರ್ಣ ದಪ್ಪದಲ್ಲಿ ತೆಗೆದಿದ್ದರೆ, ಆ ಕಂಡಿಯಲ್ಲಿ ಕರುಳು ನುಸುಳಿ ಹರ್ನಿಯಾ ಆಗುವುದೂ ಅಪರೂಪಕ್ಕೆ ಉಂಟು; ಅದು ಎಷ್ಟೋ ವರುಷಗಳ ಮೇಲೂ ತಲೆದೋರಬಹುದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಿರಿ: ಎಲುಬನ್ನು ಎಲ್ಲಿಂದ, ಎಷ್ಟು ತೆಗೆಯುವಿರಿ? ಎಲುಬಿನ ಬ್ಯಾಂಕಿನ ಎಲುಬಾಗಲಿ, ಕೃತಕ ವಸ್ತುವಾಗಲಿ ಒದಗೀತೆ? ಹೀಗೆ ಕೇಳುವುದು ಅವಿಶ್ವಾಸವಲ್ಲ, ವಿವೇಕ. ಮುಂದೆ ತೊಡೆ ಜೋಮು ಹಿಡಿದರೆ ಲಂಗದ ಲಾಡಿ, ಸೊಂಟದ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಬೇಡಿರಿ. ಕೆಮ್ಮಿದಾಗ, ನಿಂತಾಗ ಉಬ್ಬುವ ಬಾವು ಕಂಡರೆ ಎಣ್ಣೆ ಹಚ್ಚಿ ತಿಕ್ಕಿಸದೆ ವೈದ್ಯರಿಗೆ ತೋರಿಸಿರಿ. ಬಾವು ಒಳಸರಿಯದೆ ನೋವು, ವಾಂತಿ ಆದರಂತೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಹಳೆಯ ಕಸಿಯ ಸಂಗತಿಯನ್ನು ಮರೆಯದೆ ಹೇಳಿರಿ. ಅದನ್ನರಿಯದ ವೈದ್ಯರಿಗೆ ಬಾವಿನ ಮೂಲ ಸುಲಭವಾಗಿ ಹೊಳೆಯದು.

ಮನೆಯ ಹಿರಿಯರನ್ನು ನಾಳೆ ಮಾತನಾಡಿಸುವಾಗ ‘ಕಾಲು ಹೇಗಿದೆ?’ ಎಂಬುದರೊಡನೆ ‘ಸೊಂಟ ಹೇಗಿದೆ?’ ಎಂದೂ ಕೇಳಿರಿ. ಕೇಳುವವರಿದ್ದಾರೆಂದು ತಿಳಿದರೆ ಅವರು ನೋವನ್ನು ಮುಚ್ಚಿಡಲಾರರು. ಚಿಕಿತ್ಸೆಯೂ ಸಕಾಲಕ್ಕೆ ಒದಗೀತು.