ಹಲ್ಲು ಹೋದರೆ ಹೋಗಲಿ ಎನ್ನುವ ಮುನ್ನ

ಕಳೆದ ವಾರ್ಷಿಕ ಮಹಾಸಭೆಯ ದಿನ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ ನಮ್ಮ ಪಕ್ಕದ ಎಲೆಯಲ್ಲಿ ಹಿರಿಯ ಸದಸ್ಯರೊಬ್ಬರಿದ್ದರು. ಹಪ್ಪಳ, ಕೋಸಂಬರಿ, ಪಲ್ಯ ಎಲ್ಲವನ್ನೂ ಬದಿಗೆ ಸರಿಸಿ ಅನ್ನಕ್ಕೆ ಸಾರು ಕಲಸಿ ನುಂಗುತ್ತಿದ್ದರು. ವಿಚಾರಿಸಿದಾಗ ಅಂಗಿಯ ಜೇಬು ಮುಟ್ಟಿ ತೋರಿಸಿದರು. ಕೆಳಗಿನ ಹಲ್ಲಿನ ಸೆಟ್ಟು ಅಲ್ಲಿತ್ತು. “ಮೇಲಿನದ್ದು ಸರಿಯಾಗಿ ಕೂರ್ತದೆ ಮಾರಾಯ್ರೆ, ಕೆಳಗಿನದ್ದು ನಿಲ್ಲೂದೇ ಇಲ್ಲ. ಮೂರು ಸಲ ಮಾಡಿಸಿ ಆಯ್ತು. ಡಾಕ್ಟ್ರಿಗೆ ಅಳತೆ ತೆಗೆಯಲಿಕ್ಕೆ ಬರೂದಿಲ್ಲ,” ಎಂದರು. ಪಂಕ್ತಿಯಲ್ಲಿದ್ದ ಇನ್ನೂ ಮೂರು ನಾಲ್ಕು ಮಂದಿ ತಮ್ಮದೂ ಅದೇ ಕಥೆ ಎಂದು ದನಿಗೂಡಿಸಿದರು.

ಅಂದಿನ ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಬಲ್ಲವರನ್ನು ವಿಚಾರಿಸಿ, ಒಂದಿಷ್ಟು ಓದಿ ನೋಡಿದ ಮೇಲೆ ತಿಳಿದ ಸಂಗತಿಯೆಂದರೆ, ತಪ್ಪು ಬಹುಮಟ್ಟಿಗೆ ಅಳತೆಯದ್ದಲ್ಲ, ಸೆಟ್ಟು ಕೂರಬೇಕಾದ ನೆಲದ್ದು. ಆ ನೆಲವೇ ದವಡೆಯ ಎಲುಬು. ಹಲ್ಲಿನ ಬಗ್ಗೆ ಅಲ್ಪಸ್ವಲ್ಪವಾದರೂ ಯೋಚಿಸುವ ನಾವು ಈ ಎಲುಬಿನ ಬಗ್ಗೆ ಯೋಚಿಸುವುದೇ ಇಲ್ಲ. ತೋಟದಲ್ಲಿ ಮರಕ್ಕಿಂತ ಮೊದಲು ಮಣ್ಣು ನೋಡುವ ಜನ ನಾವು. ಬಾಯಿಯ ವಿಷಯದಲ್ಲಿ ಮಾತ್ರ ಈ ವಿವೇಕ ನಮಗೆ ಬಂದಿಲ್ಲ ಎಂಬುದೇ ಈ ಬರಹದ ದೂರು.

ಹಲ್ಲಿನ ಬೇರು ಕುಳಿತಿರುವ ಗೂಡಿನ ಎಲುಬು ಹಲ್ಲಿಗಾಗಿಯೇ ಇರುವಂಥದ್ದು. ಹಲ್ಲು ಮೂಡುವಾಗ ಅದರ ಜೊತೆಗೆ ಬೆಳೆಯುತ್ತದೆ, ಹಲ್ಲು ಹೋದಾಗ ಕರಗತೊಡಗುತ್ತದೆ. ಎಲುಬೆಂದರೆ ಕಲ್ಲಲ್ಲ, ಜೀವವುಳ್ಳ ವಸ್ತು. ಅದರೊಳಗೆ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಸದಾ ಕೆಲಸದಲ್ಲಿರುತ್ತವೆ. ಜಗಿಯುವಾಗ ಹಲ್ಲಿನ ಬೇರಿನ ಮೂಲಕ ಬೀಳುವ ಒತ್ತಡವೇ ಕಟ್ಟುವ ಕೆಲಸಕ್ಕೆ ಪ್ರೇರಣೆ. ಆ ಒತ್ತಡ ನಿಂತರೆ ಕರಗಿಸುವ ಕೆಲಸದ ಕೈ ಮೇಲಾಗುತ್ತದೆ. ದವಡೆಹಲ್ಲು ಕಿತ್ತ ಜಾಗದಲ್ಲಿ ಎಲುಬಿನ ಅಗಲ 1 ವರ್ಷದೊಳಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದರ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲೇ ಹೋಗುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ನಮ್ಮ ಹಿರಿಯರ ಕೆಳಗಿನ ಸೆಟ್ಟಿನ ಒಗಟಿಗೆ ಉತ್ತರ 1972ರಲ್ಲೇ ಸಿಕ್ಕಿತ್ತು. ಟಾಲ್‌ಗ್ರೆನ್ ಎಂಬ ಸಂಶೋಧಕಿ ಪೂರ್ಣ ಸೆಟ್ಟು ಹಾಕಿಕೊಂಡವರ ದವಡೆಗಳನ್ನು 25 ವರ್ಷಗಳ ಅವಧಿಯಲ್ಲಿ ಅಳೆದು ನೋಡಿದರು. ಎಲುಬು ಕರಗುವುದು ನಿಲ್ಲುವುದೇ ಇಲ್ಲ, ಮುಂಭಾಗದಲ್ಲಿ ಕೆಳದವಡೆಯ ಎತ್ತರ ಮೇಲ್ದವಡೆಗಿಂತ ಸುಮಾರು 4 ಪಟ್ಟು ಹೆಚ್ಚು ಇಳಿಯುತ್ತದೆ ಎಂಬುದನ್ನು ಕಂಡರು. ಮೇಲಿನ ಸೆಟ್ಟಿಗೆ ಅಂಗುಳಿನ ಆಸರೆಯಾದರೂ ಇದೆ. ಕೆಳಗಿನದ್ದಕ್ಕೆ ಇರುವುದು ಆ ಏಣು ಮಾತ್ರ. ಬದುವೇ ಕೊಚ್ಚಿ ಹೋದ ಮೇಲೆ ಅದರ ಮೇಲೆ ಕಟ್ಟಿದ ಬೇಲಿ ನಿಂತೀತೇ? ಹೊಸ ಸೆಟ್ಟು ಎಷ್ಟು ಮಾಡಿಸಿದರೂ ಕರಗಿದ ಎಲುಬು ಮರಳಿ ಬರುವುದಿಲ್ಲ.

ಈಗ ದವಡೆಗೆ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಪದ್ಧತಿ ಬಂದಿದೆ. ಸ್ವೀಡನ್ನಿನ ಬ್ರೊನೆಮಾರ್ಕ್ ಅವರು 1965ರಲ್ಲಿ ಇದನ್ನು ಮೊದಲ ರೋಗಿಗೆ ಮಾಡಿದರು. ಆದರೆ ಸ್ಕ್ರೂ ಹಿಡಿಯಬೇಕಾದದ್ದೂ ಎಲುಬನ್ನೇ. ದವಡೆಯ ಎಲುಬೆಲ್ಲ ಒಂದೇ ಸಾಂದ್ರತೆಯದ್ದಲ್ಲ. ಕೆಳದವಡೆಯ ಮುಂಭಾಗ ಹೆಬ್ಬಲಸಿನ ಮರದಂತೆ ಗಟ್ಟಿ, ಮೇಲ್ದವಡೆಯ ಹಿಂಭಾಗ ಹಾಲುವಾಣದಂತೆ ಮೆದು. ಎಲುಬು ತೆಳುವಾಗಿದ್ದರೆ ಬೇರೆಡೆಯ ಎಲುಬಿನ ಪುಡಿ ತುಂಬಬೇಕು, ತಿಂಗಳುಗಟ್ಟಲೆ ಕಾಯಬೇಕು, ಖರ್ಚು ಏರುತ್ತದೆ. ಆದ್ದರಿಂದ ಇರುವ ಎಲುಬನ್ನು ಉಳಿಸಿಕೊಳ್ಳುವುದೇ ಸಣ್ಣ ಹಿಡುವಳಿದಾರನಿಗೆ ಎಟುಕುವ ದಾರಿ.

ಎಲುಬು ಹೋಗುವುದು ಹಲ್ಲು ಕಿತ್ತ ಮೇಲೆ ಮಾತ್ರವಲ್ಲ. ಹಲ್ಲು ಇದ್ದಾಗಲೇ ಹೋಗುತ್ತಿರುತ್ತದೆ. ಹಲ್ಲಿಗೂ ವಸಡಿಗೂ ನಡುವೆ ಕೂರುವ ಪಾಚಿ ಗಟ್ಟಿಯಾಗಿ ಕರೆಕಟ್ಟಿ, ವಸಡು ಬಾತು, ಅದರ ಕೆಳಗಿನ ಎಲುಬನ್ನು ವರ್ಷಗಟ್ಟಲೆ ಸದ್ದಿಲ್ಲದೆ ಸವೆಸುತ್ತದೆ. ನೋವು ಇರುವುದಿಲ್ಲ. ಬೇರುಹುಳ ಬಿದ್ದ ಅಡಿಕೆ ಮರದಂತೆ, ಮೇಲೆ ಸೋಗೆ ಹಳದಿಯಾಗಿ ಮರ ಅಲುಗಾಡುವ ಹೊತ್ತಿಗೆ ಕೆಳಗೆ ಬೇರು ಮುಗಿದಿರುತ್ತದೆ. ಉಜ್ಜುವಾಗ ರಕ್ತ ಬರುವುದು ಮೊದಲ ಎಚ್ಚರಿಕೆ. ಬೀಡಿ ಸಿಗರೇಟು ಸೇದುವವರಿಗೆ ಈ ಎಚ್ಚರಿಕೆಯೂ ಸಿಗುವುದಿಲ್ಲ. ಹೊಗೆಯಿಂದ ವಸಡಿನ ರಕ್ತಸ್ರಾವ ಕಡಿಮೆ ಕಾಣುತ್ತದೆ, ಎಲುಬು ಮಾತ್ರ ಇತರರಿಗಿಂತ ಬೇಗ ಹೋಗುತ್ತದೆ.

“ಹಲ್ಲು ಕ್ಲೀನು ಮಾಡಿಸಿದರೆ ಸಡಿಲವಾಗುತ್ತದೆ” ಎಂಬ ಮಾತು ನಮ್ಮಲ್ಲಿ ಮನೆಮನೆಯಲ್ಲೂ ಇದೆ. ನಿಜ ಸಂಗತಿ ಬೇರೆ. ಎಲುಬು ಆಗಲೇ ಹೋಗಿ ಸಡಿಲವಾಗಿದ್ದ ಹಲ್ಲುಗಳನ್ನು ಕರೆಯ ಗಟ್ಟಿ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಕರೆ ತೆಗೆದಾಗ ಇದ್ದ ಸಡಿಲ ಹೊರಗೆ ಕಾಣುತ್ತದೆ, ಅಷ್ಟೆ. ಕರೆಯನ್ನು ಬಿಟ್ಟರೆ ಉಳಿದ ಎಲುಬೂ ಹೋಗುತ್ತದೆ. ಹತ್ತು ವರ್ಷ ಮೊದಲೇ ತೆಗೆಸಿದ್ದರೆ ಸಡಿಲವಾಗುವ ಪ್ರಸಂಗವೇ ಬರುತ್ತಿರಲಿಲ್ಲ.

ದೇಹದ ಉಳಿದ ಭಾಗದ ಕಾಯಿಲೆಗೂ ದವಡೆಗೂ ಸಂಬಂಧವಿದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ವಸಡಿನ ರೋಗ ಜೋರಾಗಿ ಎಲುಬು ಬೇಗ ಕರಗುತ್ತದೆ. ತಿರುಗಿ, ವಸಡಿನ ರೋಗ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಎಲುಬಿನ ಸಾಂದ್ರತೆ ಎಲ್ಲೆಡೆ ಇಳಿಯುತ್ತದೆ, ದವಡೆಯೂ ಅದಕ್ಕೆ ಹೊರತಲ್ಲ. ಮನೆಯ ಹೆಂಗಸರು ಎಲ್ಲರಿಗೂ ಬಡಿಸಿ ಉಳಿದ ಹಾಲು ಮಜ್ಜಿಗೆ ತಮಗೆ ಎನ್ನುವ ಪದ್ಧತಿಯ ಬೆಲೆ ಐವತ್ತು ದಾಟಿದ ಮೇಲೆ ತಿಳಿಯುತ್ತದೆ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ, 100 ಗ್ರಾಂ ರಾಗಿಯಲ್ಲಿ 350ರ ಸುಮಾರು ಸಿಗುತ್ತದೆ. ಮುಳ್ಳಿನೊಂದಿಗೆ ತಿನ್ನುವ ಸಣ್ಣ ಮೀನು, ಎಳ್ಳು, ನುಗ್ಗೆಸೊಪ್ಪು ಇವೂ ಒಳ್ಳೆಯವೇ. ಅದು ಮೈಗೆ ಹತ್ತಲು ಡಿ ಜೀವಸತ್ವ ಬೇಕು, ಅದಕ್ಕೆ ಚರ್ಮಕ್ಕೆ ಬಿಸಿಲು ತಾಗಬೇಕು. ಮಳೆಗಾಲದ ನಾಲ್ಕು ತಿಂಗಳು ಕಂಬಳಿ ಕೊಪ್ಪೆಯೊಳಗೇ ಇರುವ ನಾವು ಇದನ್ನು ನೆನಪಿಡುವುದು ಒಳ್ಳೆಯದು.

ಕಾಫಿ ಎಲುಬು ಕರಗಿಸುತ್ತದೆಯೇ ಎಂದು ಕಾಫಿ ಬೆಳೆಗಾರರಾದ ನಮ್ಮನ್ನು ಕೇಳುವವರಿದ್ದಾರೆ. ಕೆಫೀನಿನಿಂದ ಸ್ವಲ್ಪ ಕ್ಯಾಲ್ಸಿಯಂ ನಷ್ಟವಾಗುವುದು ನಿಜ. ಆದರೆ ಒಂದು ಲೋಟದ ನಷ್ಟವನ್ನು ಒಂದೆರಡು ಚಮಚ ಹಾಲು ತುಂಬಿಕೊಡುತ್ತದೆ. ಹಾಲು ಬೆರೆಸಿ ಮಿತವಾಗಿ ಕುಡಿಯುವವರು ಹೆದರಬೇಕಾಗಿಲ್ಲ. ದಿನಕ್ಕೆ ಏಳೆಂಟು ಸಲ ಬೆಲ್ಲದ ಕಪ್ಪು ಕಾಫಿ ಕುಡಿದು ಬಾಯಿ ತೊಳೆಯದವರು ಹುಳುಕಿನ ಬಗ್ಗೆ ಯೋಚಿಸಲಿ.

ಇನ್ನೊಂದು ಮುಖ್ಯ ಎಚ್ಚರಿಕೆ. ಎಲುಬು ಸವೆತಕ್ಕೆ ವಾರಕ್ಕೊಂದು ನುಂಗುವ ಅಲೆಂಡ್ರೊನೇಟಿನಂಥ ಮಾತ್ರೆ, ವರ್ಷಕ್ಕೊಮ್ಮೆ ಚುಚ್ಚುವ ಔಷಧಿ ಈಗ ನಮ್ಮ ಊರುಗಳಲ್ಲೂ ಅನೇಕರಿಗೆ ಕೊಡುತ್ತಿದ್ದಾರೆ. ಇವು ಉಪಯುಕ್ತ ಔಷಧಿಗಳೇ. ಆದರೆ ಅಪರೂಪವಾಗಿ, ಇವನ್ನು ತೆಗೆದುಕೊಳ್ಳುವವರು ಹಲ್ಲು ಕೀಳಿಸಿದಾಗ ಗಾಯ ಮಾಯದೆ ದವಡೆ ಎಲುಬು ಸಾಯುವುದುಂಟು ಎಂದು 2003ರಿಂದ ವರದಿಯಾಗಿದೆ. ಕ್ಯಾನ್ಸರಿಗಾಗಿ ದೊಡ್ಡ ಪ್ರಮಾಣದಲ್ಲಿ ಪಡೆಯುವವರಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಔಷಧಿ ಶುರುಮಾಡುವ ಮೊದಲೇ ಹಲ್ಲಿನ ಕೆಲಸ ಮುಗಿಸಿಕೊಳ್ಳಬೇಕು. ಆಗಲೇ ಶುರುವಾಗಿದ್ದರೆ ಹಲ್ಲಿನ ವೈದ್ಯರಿಗೆ ಚೀಟಿ ತೋರಿಸಬೇಕು. ಸ್ವಂತ ನಿರ್ಧಾರದಿಂದ ಮಾತ್ರೆ ಬಿಡಬಾರದು.

ಇನ್ನು ನಾವು ಹೇಳಲೇಬೇಕಾದ, ಹೇಳಲು ಹಿಂಜರಿಯುವ ಮಾತು. ಅಡಿಕೆ ನಮ್ಮ ಅನ್ನ. ಅದರ ಬೆಲೆಗಾಗಿ, ಮಾನಕ್ಕಾಗಿ ಈ ಪತ್ರಿಕೆ ಸದಾ ಬರೆದಿದೆ, ಮುಂದೆಯೂ ಬರೆಯುತ್ತದೆ. ಹಾಗೆಂದು ಬಾಯಿಯ ವಿಷಯದಲ್ಲಿ ಸುಮ್ಮನಿರುವುದು ಸದಸ್ಯರಿಗೆ ಬಗೆಯುವ ದ್ರೋಹವಾದೀತು. ಹೊಗೆಸೊಪ್ಪು ಹಾಕಿದರೂ ಹಾಕದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದೆ. ಬೆಳೆಗಾರರಲ್ಲಿ ಇದನ್ನು ಒಪ್ಪದವರು ಅನೇಕರಿದ್ದಾರೆ. ಆದರೆ ಸದಾ ಕವಳ ಹಾಕುವವರಲ್ಲಿ ಒಳಚರ್ಮ ನಾರುಗಟ್ಟಿ ಬಾಯಿ ಬಿಗಿಯುವ ರೋಗವನ್ನು ನಮ್ಮ ದೇಶದ ವೈದ್ಯರು 1950ರ ದಶಕದಲ್ಲೇ ಗುರುತಿಸಿದ್ದಾರೆ. ಎರಡು ಬೆರಳು ಹೋಗದ ಬಾಯಿಯೊಳಗೆ ಬ್ರಶ್ಶು ಎಲ್ಲಿಂದ ಹೋದೀತು, ವೈದ್ಯರ ಕೈ ಹೇಗೆ ಹೋದೀತು? ಹಾಗಾದಾಗ ಹಿಂದಿನ ಹಲ್ಲುಗಳ ಎಲುಬನ್ನು ಉಳಿಸುವ ದಾರಿಯೇ ಮುಚ್ಚುತ್ತದೆ. ಕವಳ ಜಗಿಯುವವರಲ್ಲಿ ವಸಡಿನ ರೋಗ ಹೆಚ್ಚೆಂಬುದನ್ನೂ ಅಧ್ಯಯನಗಳು ತೋರಿಸಿವೆ. ಬೆಲೆಯ ಹೋರಾಟ ಬೇರೆ, ಬಾಯಿಯ ಆರೋಗ್ಯ ಬೇರೆ. ಕಡ್ಡಿಪುಡಿ, ಹೊಗೆಸೊಪ್ಪು ಇಂದೇ ಬಿಡಿ. ಕವಳವನ್ನೂ ಬಿಟ್ಟರೆ ಒಳ್ಳೆಯದು. ಬಾಯಿ ತೆರೆಯುವುದು ಕಡಿಮೆಯಾಗಿದ್ದರೆ, ಖಾರ ತಿಂದಾಗ ಉರಿಯುತ್ತಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಮೂರು ವಾರವಾದರೂ ಹುಣ್ಣು ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಕಡೆಯದಾಗಿ ನಮ್ಮ ಸಂಘ ಮಾಡಬಹುದಾದ ಕೆಲಸ. ನಮ್ಮ ಕಡೆ ನಡೆಯುವ ದಂತ ಶಿಬಿರಗಳೆಂದರೆ ಸಾಮಾನ್ಯವಾಗಿ ಹಲ್ಲು ಕೀಳುವ ಶಿಬಿರಗಳೇ. ಪುಕ್ಕಟೆ ಕೀಳುತ್ತಾರೆಂದು ಸಾಲು ನಿಲ್ಲುತ್ತೇವೆ, ಕಿತ್ತವುಗಳ ಲೆಕ್ಕ ಕೊಟ್ಟು ಶಿಬಿರ ಯಶಸ್ವಿ ಎನ್ನುತ್ತೇವೆ. ಉಳಿಸಲಾಗದ ಹಲ್ಲನ್ನು ಕೀಳಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಉಳಿಸಬಹುದಾದ ಒಂದು ಹಲ್ಲು ಕಿತ್ತಾಗ ಅದರ ಸುತ್ತಲಿನ ಎಲುಬನ್ನೂ ಕೊಟ್ಟು ಬಂದೆವು ಎಂದೇ ಅರ್ಥ. ಇನ್ನು ಮುಂದೆ ಸಂಘದ ಶಿಬಿರ ಕರೆ ತೆಗೆಯುವ, ಹುಳುಕು ತುಂಬುವ, ವಸಡು ಪರೀಕ್ಷಿಸುವ ಶಿಬಿರವಾಗಲಿ. ವಿರಾಜಪೇಟೆ, ಸುಳ್ಯ, ಶಿವಮೊಗ್ಗ, ಮಂಗಳೂರು, ಮಣಿಪಾಲಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಆಡಳಿತ ಮಂಡಳಿ ಅವುಗಳಲ್ಲೊಂದಕ್ಕೆ ಪತ್ರ ಬರೆದು ವರ್ಷಕ್ಕೆರಡು ಸಲ, ಕೊಯ್ಲಿಗೆ ಮೊದಲೊಮ್ಮೆ, ಕೊಯ್ಲು ಮುಗಿದ ಮೇಲೊಮ್ಮೆ, ಶಿಬಿರ ಗೊತ್ತುಮಾಡಬಹುದು. ಅದೇ ದಿನ ಸಕ್ಕರೆ ಪರೀಕ್ಷೆಯೂ ಆಗಲಿ. ನಮ್ಮ ತೋಟಗಳಲ್ಲಿ ದುಡಿಯುವವರನ್ನೂ ಅವರ ಮನೆಯವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಕು. ಹೊಗೆಸೊಪ್ಪಿನ ಕಷ್ಟ ಅವರಿಗೆ ನಮಗಿಂತ ಹೆಚ್ಚು, ವೈದ್ಯರ ಬಳಿ ಹೋಗುವ ಅನುಕೂಲ ನಮಗಿಂತ ಕಡಿಮೆ.

ಸದಸ್ಯರು ತಮ್ಮ ಮಟ್ಟಿಗೆ ಮಾಡಬೇಕಾದದ್ದು ಸ್ವಲ್ಪವೇ. ರಾತ್ರಿ ಊಟವಾದ ಮೇಲೆ ಹಲ್ಲುಜ್ಜುವುದು, ಇದ್ದಿಲು ಇಟ್ಟಿಗೆ ಪುಡಿ ಬಿಟ್ಟು ಮೆದು ಬ್ರಶ್ಶು ಹಿಡಿಯುವುದು, ರಕ್ತ ಕಂಡರೆ ಉಪೇಕ್ಷಿಸದಿರುವುದು, ಹಲ್ಲು ಕೀಳಿಸುವ ಮೊದಲು “ಇದನ್ನು ಉಳಿಸಲಿಕ್ಕೆ ಆಗುತ್ತದೆಯೇ? ಕಿತ್ತರೆ ಆ ಜಾಗಕ್ಕೆ ಮುಂದೇನು?” ಎಂದು ಕೇಳುವುದು. ಕ್ಷ-ಕಿರಣ ತೆಗೆಸಿ ಎಂದರೆ ದುಡ್ಡು ದಂಡವೆನ್ನಬೇಡಿ. ಎಲುಬು ಎಷ್ಟಿದೆ ಎಂದು ಕಣ್ಣಿಗೆ ಕಾಣಲು ಬೇರೆ ದಾರಿಯಿಲ್ಲ.

ಮಣ್ಣಿನ ಮಾದರಿಯನ್ನು ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸುವ ನಾವು ಬಾಯಿಯನ್ನೂ ಒಮ್ಮೆ ಪರೀಕ್ಷೆಗೆ ಒಡ್ಡೋಣ. ತೋಟದ ಬುಡಕ್ಕೆ ವರ್ಷ ವರ್ಷ ಹೊಸಮಣ್ಣು ಏರಿಸಬಹುದು, ದವಡೆಗೆ ಹಾಗೆ ಏರಿಸಲು ಬರುವುದಿಲ್ಲ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಲಿ ಎಂದು ಆಡಳಿತ ಮಂಡಳಿಯನ್ನು ಒತ್ತಾಯಿಸುತ್ತೇವೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಪತ್ರಿಕೆಗೆ ಬರೆದು ತಿಳಿಸಬೇಕಾಗಿ ವಿನಂತಿ.