ಐದನೇ ತಾರೀಖು ಓಟು, ಆರನೇ ತಾರೀಖು ಹಾರ



2019ರ ಡಿಸೆಂಬರ್ 5ರಂದು ಯಲ್ಲಾಪುರ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಮಾರನೇ ದಿನ ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಓಟಿಗೆ ಕೈಮುಗಿದವರೇ ಪಟಕ್ಕೆ ಹಾರ ಹಾಕುವುದು ಈ ನಾಡಿನ ವಾಡಿಕೆ.

ಆ ಪಟದಲ್ಲಿರುವವರೂ ಒಮ್ಮೆ ಉಪಚುನಾವಣೆಗೆ ನಿಂತಿದ್ದರು, ಗೊತ್ತಾ? 1952ರಲ್ಲಿ ಮುಂಬಯಿಯಲ್ಲಿ ಸೋಲಿಸಿದ್ದು ಸಾಲದೆ 1954ರಲ್ಲಿ ಭಂಡಾರದಲ್ಲೂ ಸೋಲಿಸಿದರು. ಲೋಕಸಭೆಗೆ ಹೋದವರು ಕಾಂಗ್ರೆಸ್ಸಿನ ಬೋರ್ಕರ್. ಅದು ಮೀಸಲು ಸ್ಥಾನ. ಮೀಸಲು ನಮ್ಮ ಹೆಸರಿಗೆ, ಆರಿಸುವುದು ಊರೆಲ್ಲ! ಪ್ರತ್ಯೇಕ ಮತಕ್ಷೇತ್ರ ಬೇಕೆಂದವರ ಎದುರು ಗಾಂಧೀಜಿ ಉಪವಾಸ ಕೂತರು. 1932ರ ಪೂನಾ ಒಪ್ಪಂದದಲ್ಲಿ ಬಿತ್ತಿದ್ದನ್ನು ಭಂಡಾರದಲ್ಲಿ ಕೊಯ್ದರು.

ನಮ್ಮ ಉತ್ತರ ಕನ್ನಡಕ್ಕೆ ಆ ಹೆಸರಿನ ಮೀಸಲೂ ಇಲ್ಲ. ಆರು ವಿಧಾನಸಭಾ ಕ್ಷೇತ್ರ, ಆರೂ ಸಾಮಾನ್ಯ. ಜನಸಂಖ್ಯೆ ಕಡಿಮೆ ಅಂತಾರೆ. ಬೂತಿನ ಲೆಕ್ಕ ಹಾಕುವಾಗ ಮಾತ್ರ ನಾವು ಕಡಿಮೆ ಆಗೋದಿಲ್ಲ.

ಯಲ್ಲಾಪುರದಲ್ಲಿ ಶಾಸಕರೇನೂ ತೀರಿಕೊಂಡಿರಲಿಲ್ಲ. 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಶಿವರಾಮ ಹೆಬ್ಬಾರರು ಮರುವರ್ಷ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಸ್ಪೀಕರ್ ಅನರ್ಹ ಮಾಡಿದರು. ಅನರ್ಹತೆ ಸರಿ, ಆದರೆ ಮತ್ತೆ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಹೇಳಿತು. ಬಿಜೆಪಿಯಿಂದ ನಿಂತು ಮೂವತ್ತೊಂದು ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. 2020ರ ಫೆಬ್ರವರಿಯಲ್ಲಿ ಮಂತ್ರಿ. 2025ರಲ್ಲಿ ಆ ಪಕ್ಷವೂ ಅವರನ್ನು ಉಚ್ಚಾಟಿಸಿತು. ಬನವಾಸಿ ಕಡೆಯವರೂ ಮುಂಡಗೋಡದವರೂ ಕೂಲಿ ಬಿಟ್ಟು ಎರಡೆರಡು ಸಲ ಕ್ಯೂ ನಿಂತರಲ್ಲ, ಅವರನ್ನು ಯಾರು ಕೇಳಿದ್ದರು? (ಸಿದ್ದಾಪುರದವರು ನಗಬೇಡಿ, ನಿಮ್ಮದು ಶಿರಸಿ ಕ್ಷೇತ್ರವಾದ್ದರಿಂದ ಆ ಸಲ ಉಳಿದಿರಿ, ಅಷ್ಟೇ.)

ಕಾಂಗ್ರೆಸ್ಸಿನವರು ಸಾಚಾ ಅಂತ ನಾವು ಹೇಳ್ತಿಲ್ಲ. 1978ರಲ್ಲಿ ಇಂದಿರಾ ಗಾಂಧಿ ಲೋಕಸಭೆಗೆ ಹೋಗಲೆಂದು ಚಿಕ್ಕಮಗಳೂರಿನ ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು. ತೋಟದ ಲೈನಿನ ಕೂಲಿಗಳನ್ನು ಕೇಳಿ ಬಿಟ್ಟರೇ? ವೀರೇಂದ್ರ ಪಾಟೀಲರನ್ನು ಸೋಲಿಸಿ ಆಕೆ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆಯೇ ಆಕೆಯನ್ನು ಹೊರಗೆ ಹಾಕಿತು. ಕೂಲಿಗಳು ಒತ್ತಿದ ಮುದ್ರೆಗೆ ಎರಡು ತಿಂಗಳ ಆಯುಷ್ಯವೂ ಇರಲಿಲ್ಲ.

ಬೈಗುಳದಲ್ಲಿ ನಮ್ಮ ಪಾಲೂ ಇದೆ. ಪರೋಟಕ್ಕೆ, ಪೆಟ್ರೋಲಿಗೆ ಜೀಪು ಹತ್ತಿ ಬಾವುಟ ಹಿಡಿದವರು ನಮ್ಮ ಹಾಸ್ಟೆಲಿನವರೇ. ಊಟ ಸರಿಯಿಲ್ಲ ಅಂತ ಅರ್ಜಿ ಬರೆದಾಗ ಸಹಿ ಹಾಕೋಕೆ ಹೆದರಿದವರೂ ಅವರೇ.

ಮುಂದಿನ ಸಲ ಜೀಪು ಹಾಸ್ಟೆಲ್ ಗೇಟಿಗೆ ಬಂದಾಗ ನಾವು ಹತ್ತೋದಿಲ್ಲ. ಗೇಟಿನಲ್ಲೇ ನಿಂತು ಕೇಳ್ತೀವಿ: ಪಕ್ಷ ಬಿಡುವಾಗ ನಮ್ಮ ಕೇರಿಗೆ ಬಂದು ಹೇಳಿ ಹೋಗ್ತೀರಾ, ಸ್ವಾಮಿ?